ಬೋರ್ಡಿನ ಮೇಲಿನ ಹಳದಿ ಗೆರೆ

ನಮ್ಮ ಕಾಲೇಜು ಅಂದ ತಕ್ಷಣ ನನಗೆ ನೆನಪಾಗುವುದು ಬಿ.ಎ. ಎರಡನೇ ವರ್ಷದ ಇತಿಹಾಸ ಕ್ಲಾಸು. ಅದರಲ್ಲೂ ಒಂದು ಶನಿವಾರದ ಚರ್ಚೆ. ಅಮೆರಿಕ ಮತ್ತು ಬ್ರಿಟನ್ ಮಧ್ಯೆ 1812ರಲ್ಲಿ ಶುರುವಾದ ಯುದ್ಧವನ್ನು ಗೆದ್ದವರು ಯಾರು?

ನಾನು ಅಮೆರಿಕದ ಪರ. ನ್ಯೂ ಆರ್ಲಿಯನ್ಸ್ ಕಾಳಗ ಇತ್ತಲ್ಲ! 1815ರ ಜನವರಿ 8ರಂದು ಆಂಡ್ರ್ಯೂ ಜಾಕ್ಸನ್ ಪಡೆಯ ಗುಂಡಿಗೆ ಬ್ರಿಟಿಷರ ಸೇನಾಪತಿ ಪೇಕನ್‌ಹ್ಯಾಮ್ ಅಲ್ಲೇ ಸತ್ತಿದ್ದ. ಎದುರು ಪಕ್ಷದ ಗೆಳತಿ ಬಿಡಲಿಲ್ಲ. ಆ ಕಾಳಗಕ್ಕೆ ಎರಡು ವಾರ ಮೊದಲೇ, 1814ರ ಡಿಸೆಂಬರ್ 24ಕ್ಕೆ, ಯುರೋಪಿನ ಘೆಂಟ್ ಊರಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದಿತ್ತು, ಸುದ್ದಿ ಹಡಗಿನಲ್ಲಿ ಬರುತ್ತಿತ್ತು ಅಷ್ಟೇ ಅಂದಳು. ವಾಷಿಂಗ್ಟನ್‌ಗೆ ನುಗ್ಗಿ ಅಧ್ಯಕ್ಷರ ಮನೆಗೇ ಬೆಂಕಿ ಇಟ್ಟವರು ಯಾರು ಅಂತಲೂ ಕೇಳಿದಳು. ಅದಕ್ಕೂ ಮೊದಲು, 1813ರಲ್ಲಿ, ಬ್ರಿಟಿಷರ ಕೈಯಲ್ಲಿದ್ದ ಕೆನಡಾದ ಯಾರ್ಕ್ ಅಂದರೆ ಈಗಿನ ಟೊರಾಂಟೊದ ಶಾಸನಸಭೆ ಕಟ್ಟಡ ಸುಟ್ಟಿದ್ದು ಅಮೆರಿಕದವರ ದಾಳಿಯಲ್ಲಿ ಅಲ್ವಾ ಅಂತ ಹಿಂದಿನ ಬೆಂಚಿನಿಂದ ಇನ್ನೊಬ್ಬ ಎದ್ದ. ಗಲಾಟೆ ಜಾಸ್ತಿ ಆಯಿತು.

ಮೇಷ್ಟ್ರು ಏನೂ ಹೇಳಲಿಲ್ಲ. ಬೋರ್ಡಿನ ಮೇಲೆ ಐದು ಮಹಾ ಸರೋವರ ಬರೆದು, ಅಮೆರಿಕ ಮತ್ತು ಕೆನಡಾ ಮಧ್ಯೆ ಯುದ್ಧಕ್ಕೆ ಮೊದಲಿದ್ದ ಗಡಿಯನ್ನು ಬಿಳಿ ಚಾಕ್‌ಪೀಸಿನಲ್ಲಿ ಎಳೆದರು. ನನ್ನ ಕೈಗೆ ಹಳದಿ ಚಾಕ್‌ಪೀಸ್ ಕೊಟ್ಟು, "ಈಗ ಒಪ್ಪಂದ ಆದ ಮೇಲಿನ ಗಡಿ ಹಾಕಪ್ಪ" ಅಂದರು. ಗೆದ್ದ ನೆಲವನ್ನೆಲ್ಲ ಇಬ್ಬರೂ ವಾಪಸ್ ಕೊಡಬೇಕು ಅನ್ನುವುದೇ ಒಪ್ಪಂದದ ತಿರುಳು. ನಾನು ಎಳೆದ ಹಳದಿ ಗೆರೆ ಬಿಳಿ ಗೆರೆಯ ಮೇಲೇ ಬಿತ್ತು. ಎರಡೂವರೆ ವರ್ಷದ ಯುದ್ಧ! ಬ್ರಿಟಿಷರು ಅಮೆರಿಕದ ಹಡಗುಗಳಿಂದ ನಾವಿಕರನ್ನು ಹಿಡಿದು ಬಲವಂತವಾಗಿ ತಮ್ಮ ನೌಕಾಪಡೆಗೆ ಸೇರಿಸುತ್ತಿದ್ದರು ಅನ್ನುವುದೇ ದೊಡ್ಡ ಕಾರಣವಾಗಿತ್ತು, ಅದರ ಬಗ್ಗೆ ಒಪ್ಪಂದದಲ್ಲಿ ಒಂದು ಮಾತೂ ಇಲ್ಲ.

ನಮ್ಮ ಶ್ರೀರಂಗಪಟ್ಟಣವೂ ಅವತ್ತು ಮಾತಿಗೆ ಬಂತು. 1799ರಲ್ಲಿ ಟಿಪ್ಪುವಿನ ರಾಕೆಟ್‌ಗಳನ್ನು ಬ್ರಿಟಿಷರು ಇಂಗ್ಲೆಂಡಿಗೆ ಒಯ್ದರು, ಅವುಗಳ ಜಾಡಿನಲ್ಲೇ ಅಲ್ಲಿನ ಕಾಂಗ್ರೀವ್ ಅನ್ನುವವನು ತನ್ನ ರಾಕೆಟ್ ಮಾಡಿದ, 1814ರ ಸೆಪ್ಟೆಂಬರ್‌ನಲ್ಲಿ ಬಾಲ್ಟಿಮೋರ್ ಕೋಟೆಯ ಮೇಲೆ ಹಾರಿದ್ದು ಅವೇ, ಅವುಗಳ ಕೆಂಪು ಬೆಳಕು ಇವತ್ತಿಗೂ ಅಮೆರಿಕದ ರಾಷ್ಟ್ರಗೀತೆಯಲ್ಲಿದೆ. ಕೇಳುತ್ತಾ ಮೈ ಜುಮ್ಮೆಂದಿತ್ತು.

ಆಮೇಲೆ ಅದೇ ಗೆಳತಿ ಮೆಲ್ಲಗೆ ಕೇಳಿದಳು. "ಸರ್, ಆ ಗೆರೆಯ ಎರಡೂ ಕಡೆ ಮೊದಲಿಂದ ಇದ್ದ ಜನ ಏನಾದರು?"

ಮೇಷ್ಟ್ರು ಕುರ್ಚಿ ಎಳೆದು ಕೂತರು. ಅಲ್ಲಿನ ಮೂಲನಿವಾಸಿ ಶಾನೀ ಜನರ ನಾಯಕ ಟೆಕಮ್ಸೆ ಬೇರೆ ಬೇರೆ ಬುಡಕಟ್ಟುಗಳನ್ನು ಒಂದು ಮಾಡಲು ಊರೂರು ತಿರುಗಿದ್ದು, ಬ್ರಿಟಿಷರ ಜೊತೆ ನಿಂತು ಹೋರಾಡಿ 1813ರ ಅಕ್ಟೋಬರ್‌ನಲ್ಲಿ ಕೆನಡಾದ ಥೇಮ್ಸ್ ನದಿಯ ಹತ್ತಿರ ಸತ್ತಿದ್ದು, ಎಲ್ಲ ಹೇಳಿದರು. ಆ ಜನರ ನೆಲ ಅವರಿಗೇ ಸಿಗಬೇಕು ಅಂತ ಒಪ್ಪಂದದ ಒಂಬತ್ತನೇ ಕಲಮಿನಲ್ಲಿ ಬರೆದಿತ್ತು. ಅದು ನಡೆಯಲಿಲ್ಲ. ಅಮೆರಿಕ ಗೆದ್ದಿತು ಅಂತ ಬರೆದುಕೊಂಡು ಬಂದಿದ್ದ ನನ್ನ ಹಾಳೆಯನ್ನು ನಾನು ಸುಮ್ನೆ ಮಡಚಿಟ್ಟೆ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ, ಮುಂದಿನ ಪೀರಿಯಡ್‌ನವರು ಬಾಗಿಲಲ್ಲಿ ಕಾಯುತ್ತಾ ನಿಂತಿದ್ದರು.