ಅಡಿಕೆ ಸುಲಿಯುವಾಗ ತಮ್ಮ ಕೇಳಿದ್ದು

"ಅಕ್ಕಾ, ದೊಡ್ಡೋರಾದ್ಮೇಲೆ ಅದು ಹೋಗ್ತದಾ?"

ಚಿಕ್ಕಪ್ಪನ ಮಗ ಕೇಳಿದ ಈ ಮಾತು ವಾರವೆಲ್ಲ ತಲೆಯಲ್ಲಿ ಸುತ್ತುತ್ತಿದೆ.

ಶಿರಸಿ ಹತ್ತಿರದ ನಮ್ಮೂರಲ್ಲಿ ಈಗ ಅಡಿಕೆ ಸುಲಿಯುವ ಕಾಲ. ರಾತ್ರಿ ಎಲ್ಲರೂ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿದ್ದೆವು. ನನಗೆ ಎಡಿಎಚ್‌ಡಿ, ಅಂದರೆ ಗಮನ ಹಿಡಿದಿಡುವುದು ಕಷ್ಟವಾಗುವ ತೊಂದರೆ, ಇದೆ ಎಂದು ಹೋದ ವರ್ಷ ಹುಬ್ಬಳ್ಳಿಯ ಡಾಕ್ಟರು ಹೇಳಿದ್ದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಅತ್ತೆ ನನ್ನೆದುರೇ ಅಂದರು: "ಸುಲಿಯಲಿಕ್ಕೆ ಕೂತರೆ ತಲೆ ಎತ್ತದ ಕೂಸಿಗೆ ಎಂತಾ ಗಮನದ ಕೊರತೆ? ಎಲ್ಲ ಮೊಬೈಲಿಂದ ಬಂದದ್ದು." ಅತ್ತೆ ಕೆಟ್ಟವರಲ್ಲ. ನನಗೆ ಜ್ವರ ಬಂದರೆ ಮೊದಲು ಓಡಿಬರುವವರು ಅವರೇ. ಆದರೆ ಎದುರಿಗೆ ಕೂತವರ ಬಗ್ಗೆ ಹೀಗೆ ಮಾತಾಡುವುದು ಸರಿಯಲ್ಲ. ಅಪ್ಪ ಸುಮ್ನೆ ಇದ್ದದ್ದು ಅದಕ್ಕಿಂತ ಜಾಸ್ತಿ ನೋಯಿಸಿತು.

ಗಮನವೇ ಇಲ್ಲ ಅಂತಲ್ಲ. ಬೇಕಾದ ಹೊತ್ತಿಗೆ, ಬೇಕಾದ ಕಡೆ ಅದನ್ನು ತಿರುಗಿಸುವುದು ಕಷ್ಟ. ಕೈತುಂಬ ಕೆಲಸ, ಕಣ್ಣೆದುರೇ ಸಣ್ಣದಾಗುವ ರಾಶಿ, ಸುತ್ತ ಹರಟೆ ಇದ್ದರೆ ನನಗೆ ಸಲೀಸು. ಒಂದು ಬ್ಯಾಂಕ್ ಫಾರಂ ತುಂಬಲು ಮಾತ್ರ ದಿನಗಟ್ಟಲೆ ಬೇಕು. ಇನ್ನು ಮೊಬೈಲಿನ ಮಾತು. ಇದು ಚಿಕ್ಕಂದಿನಲ್ಲೇ ಶುರುವಾಗುವಂಥದ್ದು, 12 ವರ್ಷದೊಳಗೇ ಲಕ್ಷಣ ಇತ್ತಾ ಎಂದು ಡಾಕ್ಟರು ವಿಚಾರಿಸುತ್ತಾರೆ. ಅದಕ್ಕೇ ಅಮ್ಮ ಟ್ರಂಕಿನಿಂದ ನನ್ನ ಹಳೆ ಮಾರ್ಕ್ಸ್ ಕಾರ್ಡು ತೆಗೆದಳು. "ಜಾಣೆ, ಆದರೆ ಲಕ್ಷ್ಯವಿಲ್ಲ." ಟೀಚರು ಬದಲಾದರೂ ಮಾತು ಅದೇ. ಕ್ಲಾಸಿನಲ್ಲಿ ಗಲಾಟೆ ಮಾಡದೆ ಕಿಟಕಿ ನೋಡುತ್ತ ಕೂರುವ ಹುಡುಗಿಯರು ಯಾರ ಕಣ್ಣಿಗೆ ಬೀಳುತ್ತಾರೆ? ಅದನ್ನು ಓದುತ್ತ, ಆ ಪುಟ್ಟ ಹುಡುಗಿಯ ಮೇಲೆ ನನಗಿದ್ದ ಸಿಟ್ಟು ಇಳಿಯಿತು. ಮಾತ್ರೆಯಿಂದ ಅನುಕೂಲವಾಗಿದೆ, ನಿಜ. ಆದರೆ ನಾನು ಬೆಳೆಯಲು ಶುರುಮಾಡಿದ್ದು ಆ ಸಿಟ್ಟು ಇಳಿದ ಮೇಲೆ.

ತಮ್ಮನಿಗೆ ಹೇಳಿದೆ: "ಕೆಲವರಿಗೆ ಕಡಿಮೆ ಆಗ್ತದೆ. ತುಂಬ ಜನಕ್ಕೆ ದೊಡ್ಡವರಾದರೂ ಇರ್ತದೆ, ನನಗಿದೆ. ಆದರೆ ಅದನ್ನು ಇಟ್ಟುಕೊಂಡೇ ಕೆಲಸ ಮಾಡೋದು ಹೇಗೆ ಅಂತ ಗೊತ್ತಾಗ್ತಾ ಹೋಗ್ತದೆ."

ಹತ್ತನೇ ಕ್ಲಾಸಿನ ಹುಡುಗ. ಮನೆಯಲ್ಲಿ ದಿನಾ ಸೋಮಾರಿ ಅನ್ನಿಸಿಕೊಳ್ಳುತ್ತಾನೆ. ಅವನು ಕೇಳಿದ್ದು ನನ್ನ ಸಲುವಾಗಿ ಅಲ್ಲವೇನೋ. ಅವನಿಗೆ ಇದೆಯೋ ಇಲ್ಲವೋ ಡಾಕ್ಟರು ಹೇಳಬೇಕು. ಆದರೆ ನನ್ನಷ್ಟು ವರ್ಷ ಅವನು ಕಾಯಬಾರದು. ಭಾನುವಾರ ಚಿಕ್ಕಮ್ಮನ ಹತ್ತಿರ ಮಾತಾಡುತ್ತೇನೆ. ಅಪ್ಪನನ್ನೂ ಕರೆದುಕೊಂಡೇ ಹೋಗುತ್ತೇನೆ. ಈ ಸಲ ಅಪ್ಪ ಬಾಯಿ ಬಿಡಲೇಬೇಕು.