ಚಿಕಿತ್ಸೆ ನಿಂತಿತು, ವಯಸ್ಸು ನಿಲ್ಲಲಿಲ್ಲ
2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ, ಜಯನಗರದ ನಮ್ಮ ಮನೆ ಫ್ರಿಜ್‌ನಲ್ಲಿ ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆಯ ಇಂಜೆಕ್ಷನ್‌ಗಳಿದ್ದವು. ನಂದಿನಿ ಹಾಲು ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದವು.

ಆಸ್ಪತ್ರೆಯಿಂದ ಫೋನ್ ಬಂತು: "ಹೊಸ ಸೈಕಲ್ ಶುರು ಮಾಡ್ತಿಲ್ಲ ಮೇಡಂ, ಇದು ತುರ್ತು ಚಿಕಿತ್ಸೆ ಅಲ್ಲ." ಸೈಕಲ್ ಅಂದರೆ ಐವಿಎಫ್‌ನ ಒಂದು ಸುತ್ತು ಚಿಕಿತ್ಸೆ. ಅಮೆರಿಕ, ಯುರೋಪಿನ ತಜ್ಞರ ಸಂಘಗಳೂ ಆ ತಿಂಗಳು ಹೊಸ ಸೈಕಲ್ ಬೇಡ ಎಂದೇ ಹೇಳಿದ್ದವು. ಕಾರಣ ಅರ್ಥವಾಗುತ್ತಿತ್ತು. ಆದರೆ 35 ದಾಟಿದ ಮೇಲೆ ಅಂಡಾಣುಗಳ ಸಂಖ್ಯೆ, ಗುಣ ಎರಡೂ ಬೇಗ ಇಳಿಯುತ್ತವೆ. ನನಗಾಗ 38. ನನ್ನಂಥವಳಿಗೆ ಒಂದೊಂದು ತಿಂಗಳೂ ತುರ್ತೇ, ಅಲ್ವಾ?

ಅತ್ತೆಗೆ ಇದೇನೂ ಗೊತ್ತಿರಲಿಲ್ಲ. "ಇಬ್ಬರೂ ಮನೇಲೇ ಇದ್ದೀರಲ್ಲ, ಒಳ್ಳೆ ಸುದ್ದಿ ಕೊಡಮ್ಮ" ಅಂದರು. ಪ್ರೀತಿಯಿಂದಲೇ ಅಂದಿದ್ದು. ಫೋನ್ ಇಟ್ಟು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಟೀವಿ ತುಂಬಾ ಸಾವಿನ ಸುದ್ದಿ. ಇನ್ನೂ ಹುಟ್ಟದ ಮಗುವಿಗಾಗಿ ಅಳುತ್ತಿದ್ದೇನೆ ಅಂತ ಗಂಡನ ಹತ್ತಿರವೂ ಹೇಳಿಕೊಳ್ಳಲಾಗಲಿಲ್ಲ.