ನೆತ್ತಿ ಬಿಚ್ಚಿಕೊಂಡ ಟೋಪಿ, 10 ಸೆಂಟಿಮೀಟರ್ ಬಾಲ

ಹೆಣೆದ ಟೋಪಿಯನ್ನು ಹೇಗೆ ಮುಗಿಸಬೇಕು ಅಂತ ಹೇಳುವ ನಮ್ಮ ಫಿನಿಶಿಂಗ್ ಶೀಟಿನಲ್ಲಿ ನೆತ್ತಿಗೆ ಇದ್ದದ್ದು ಒಂದೇ ಸಾಲು: "ಟಾಪ್ ಕ್ಲೋಸಿಂಗ್, ಬಾಲ 10 ಸೆಂ.ಮೀ., ಒಳಗೆ ದಾರ ಕಾಣಬಾರದು." ಬಾಲ ಅಂದರೆ ಹೆಣಿಗೆ ಮುಗಿದ ಮೇಲೆ ನೆತ್ತಿ ಬಿಗಿದು ಮುಚ್ಚಲು ಬಿಡುವ ನೂಲಿನ ತುದಿ. ಅಂಚಿನ ರಿಬ್ಬಿಗೆ ಅರ್ಧ ಪುಟ ಇತ್ತು. ಲೇಬಲ್ ಎಲ್ಲಿ ಹೊಲಿಯಬೇಕು ಎನ್ನುವುದಕ್ಕೆ ಚಿತ್ರ ಇತ್ತು. ಪಾಲಿಬ್ಯಾಗ್ ಮಡಚುವುದಕ್ಕೂ ಬಾಣದ ಗುರುತು ಹಾಕಿದ್ದರು. ಇಡೀ ಟೋಪಿಯನ್ನು ಹಿಡಿದಿಡುವ ಜಾಗಕ್ಕೆ ಮಾತ್ರ ಒಂದು ಸಾಲು. ಆ ಶೀಟ್ ಬರೆದವರು ಒಂದು ಟೋಪಿಯನ್ನಾದರೂ ಕೈಯಾರೆ ಮುಗಿಸಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಪುಣೆಯ ಕಾತ್ರಜ್ ಕಡೆ ಒಂದು ಸಣ್ಣ ಕೈಹೆಣಿಗೆ ಯುನಿಟ್ಟಿನಲ್ಲಿ ನಾನು ಚೆಕಿಂಗ್ ನೋಡಿಕೊಳ್ಳುತ್ತೇನೆ. ಹೆಣಿಗೆ ನಡೆಯುವುದು ಮನೆಗಳಲ್ಲಿ. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಬಂದು ಇಲ್ಲೇ ನಿಂತ ಹೆಂಗಸರೇ ಜಾಸ್ತಿ. ಉಲ್ಲನ್, ಅಂದರೆ ಹೆಣಿಗೆಯ ನೂಲು, ತೂಕ ಮಾಡಿ ಕೊಡುತ್ತೇವೆ, ಪೀಸ್ ಲೆಕ್ಕದಲ್ಲಿ ವಾಪಸ್ ತಗೊಳ್ಳುತ್ತೇವೆ. ನೆತ್ತಿ ಮುಚ್ಚುವುದೂ ಹೆಣೆದವರೇ; ಉಳಿದ ಫಿನಿಶಿಂಗ್, ವಾಶ್, ಪ್ಯಾಕಿಂಗ್ ಯುನಿಟ್ಟಿನಲ್ಲೇ ಆಗುತ್ತದೆ.

ದೀಪಾವಳಿಗೆ ಮುಂಚೆ ಬೇಬಿ ಟೋಪಿಗಳ ಒಂದು ಲಾಟ್ ಹೊರಡುವುದಿತ್ತು. ಉಲ್ಲನ್ ತಡವಾಗಿ ಬಂದಿತ್ತು. ಹಾಗಾಗಿ ವಾಶ್ ಟೆಸ್ಟ್ ಮತ್ತು ಪ್ಯಾಕಿಂಗ್ ಒಟ್ಟಿಗೇ ನಡೆದಿದ್ದವು. ಸಂಜೆ ಕಾರ್ಟನ್‌ಗಳಿಗೆ ಟೇಪ್ ಬಿದ್ದಿತ್ತು, ಚಲನ್ ರೆಡಿ ಇತ್ತು, ಕೆಳಗೆ ಟೆಂಪೋ ನಿಂತಿತ್ತು. ಮಾರ್ಕೆಟ್ ಯಾರ್ಡಿನ ಟ್ರಾನ್ಸ್‌ಪೋರ್ಟಿಗೆ ಮಾಲು ಮುಟ್ಟಿಸಬೇಕಿತ್ತು. ಅಷ್ಟರಲ್ಲಿ ಹೆಲ್ಪರ್ ಹುಡುಗಿ ವಾಶಿಂಗ್ ಮಶೀನಿನಿಂದ ತೆಗೆದ ಟೋಪಿಯನ್ನು ತಂದು ನನ್ನ ಟೇಬಲ್ ಮೇಲೆ ಇಟ್ಟಳು. ಏನೂ ಹೇಳಲಿಲ್ಲ. ನೆತ್ತಿಯ ಮಧ್ಯೆ ನನ್ನ ತೋರುಬೆರಳು ಸಲೀಸಾಗಿ ಹೋಗುವಷ್ಟು ತೂತು. ಕೊನೆಯ 8 ಕುಣಿಕೆಗಳಲ್ಲಿ ಮೂರು ದಾರದಿಂದ ಕಳಚಿಕೊಂಡು ಒಂದೊಂದು ಸಾಲು ಕೆಳಗೆ ಇಳಿದಿದ್ದವು.

ಟೆಂಪೋ ನಿಲ್ಲಿಸಿ ಅಂದೆ. ಕೆಳಗಿನಿಂದ ಡ್ರೈವರ್ "ಮ್ಯಾಡಂ, ಉಶೀರ ಹೋತೋಯ್", ತಡ ಆಗ್ತಿದೆ ಅಂತ ಮರಾಠಿಯಲ್ಲಿ ಕೂಗುತ್ತಿದ್ದ. ಸೂಪರ್‌ವೈಸರ್ ಸಾಹೇಬರು ಮೆಟ್ಟಿಲ ಹತ್ತಿರ ಫೋನ್ ಹಿಡಿದುಕೊಂಡು ಆಫೀಸಿಗೆ ಏನು ಹೇಳುವುದು ಅಂತ ಆಚೀಚೆ ಓಡಾಡುತ್ತಿದ್ದರು.

ನನಗೆ ಮೊದಲು ಹೊಳೆದದ್ದು ಒಂದೇ ಕಾರಣ. ದಾರವನ್ನು ಕುಣಿಕೆಗಳ ಒಳಗೆ ಎರಡು ಸುತ್ತು ತರಬೇಕು, ಹೆಣೆದವರು ಒಂದೇ ಸುತ್ತು ತಂದು ಬಿಟ್ಟಿದ್ದಾರೆ ಅಂತ. ಆ ಲಾಟಿನ ಹೆಚ್ಚಿನ ಪೀಸುಗಳು ನಮಗೆ ಹೆಣೆದು ಕೊಡುವ ಹೆಂಗಸರಲ್ಲಿ ಒಬ್ಬರಾದ ಕಾಕೂ ಅವರ ಗುಂಪಿನವು. ಅವರೂ ಅಲ್ಲೇ ಕೂತಿದ್ದರು. "ಕಾಕೂ, ಎರಡು ಸುತ್ತು ಹಾಕಿ ಅಂತ ಎಷ್ಟು ಸಲ ಹೇಳೋದು?" ಅಂತ ಎಲ್ಲರೆದುರೇ ಕೇಳಿದೆ. ಕಾಕೂ ಮಾತಾಡಲಿಲ್ಲ. ಒಂದು ಕಾರ್ಟನ್ನಿನ ಟೇಪ್ ಕಿತ್ತು, ಒಂದು ಟೋಪಿ ತೆಗೆದು, ಒಳಮಗ್ಗುಲು ಮಾಡಿ, ಮೊಂಡು ಸೂಜಿಯ ತುದಿಯಿಂದ ನೆತ್ತಿಯ ದಾರವನ್ನು ಮೆಲ್ಲಗೆ ಸಡಿಲಿಸಿದರು. ಒಂದು ಸುತ್ತು. ಅದರ ಪಕ್ಕ ಇನ್ನೊಂದು ಸುತ್ತು. ಆಮೇಲೆ ಬಾಲದ ತುದಿಯನ್ನು ಹೊರಗೆಳೆದು ನನ್ನ ಅಂಗೈ ಮೇಲೆ ಇಟ್ಟರು. ಕಿರುಬೆರಳ ಎರಡು ಗೆಣ್ಣಿನಷ್ಟು ಉದ್ದವೂ ಇರಲಿಲ್ಲ.

"ಇಷ್ಟ ದಾರದಾಗ ಎಲ್ಲಿ ಮುಚ್ಚಲಿ ತಂಗಿ? ಶೀಟನ್ಯಾಗ ಹತ್ತು ಅಂತ ಬರದಾರ, ಹತ್ತಕ್ಕ ಕತ್ತರಿಸೀವಿ."

ತಪ್ಪು ಸುತ್ತಿನದಲ್ಲ, ಬಾಲದ ಉದ್ದದ್ದು. ಹಳೇ ಶೀಟಿನಲ್ಲಿ 25 ಸೆಂಟಿಮೀಟರ್ ಇತ್ತು. ಉಲ್ಲನ್ ಉಳಿಸಲು ಮತ್ತು ಒಳಗೆ ಕ್ಲೀನ್ ಕಾಣಲು ಯಾರೋ ಅದನ್ನು 10 ಮಾಡಿದ್ದರು. ಎರಡು ಸುತ್ತು ತಂದು ಬಿಗಿದ ಮೇಲೆ ಒಳಗೆ ಹೆಣೆದು ಮುಚ್ಚುವುದಕ್ಕೆ ಉಳಿಯುವುದು ಏನು? ಆ ದಪ್ಪ ಸೂಜಿಯೇ ಐದಾರು ಸೆಂಟಿಮೀಟರ್ ಇರುತ್ತದೆ. ದಾರ ಅದಕ್ಕಿಂತ ಗಿಡ್ಡವಾದರೆ ಸೂಜಿ ತಿರುಗಿಸುವುದಕ್ಕೇ ಆಗುವುದಿಲ್ಲ.

ನೆತ್ತಿಯ ಕೆಲಸ ಎಲೆಅಡಿಕೆ ಸಂಚಿಯ ಬಾಯಿಯಂಥದ್ದು. ಬಿಗಿದು ಎಳೆದರೆ ಮುಚ್ಚುತ್ತದೆ, ದಾರದ ತುದಿ ಜಾರಿದರೆ ತೆರೆದುಕೊಳ್ಳುತ್ತದೆ. 80 ಕುಣಿಕೆಯ ಟೋಪಿಯನ್ನು ಎಂಟು ಭಾಗ ಮಾಡಿ, ಪ್ರತಿ ಭಾಗದಲ್ಲೂ ಎರಡು ಕುಣಿಕೆ ಸೇರಿಸಿ ಒಂದು ಮಾಡುತ್ತಾ ಬಂದರೆ ಕೊನೆಗೆ 8 ಉಳಿಯುತ್ತವೆ. ಕೆಳಗಿನ ಪ್ರತಿ ಕುಣಿಕೆಯನ್ನೂ ಅದರ ಮೇಲಿನ ಕುಣಿಕೆ ಹಿಡಿದಿರುತ್ತದೆ. ಈ 8ಕ್ಕೆ ಮಾತ್ರ ಮೇಲೆ ಯಾರೂ ಇಲ್ಲ. ಅವನ್ನು ಹಿಡಿದಿರುವುದು ಆ ಒಂದೇ ದಾರ.

ಉಣ್ಣೆಯ ನೂಲಾದರೆ ಸ್ವಲ್ಪ ಕ್ಷಮಿಸುತ್ತದೆ. ಉಣ್ಣೆಯ ಕೂದಲಿನ ಮೇಲೆ ಸಣ್ಣ ಹುರುಪೆಗಳಿರುತ್ತವೆ, ಒಗೆದಷ್ಟೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಆಕ್ರಿಲಿಕ್ ನುಣುಪು, ಅದಕ್ಕೆ ಆ ಹಿಡಿತ ಇಲ್ಲ. ಮಶೀನ್ ವಾಶ್ ಆಗುವ ಸೂಪರ್‌ವಾಶ್ ಉಣ್ಣೆಯಲ್ಲೂ ಹುರುಪೆಗಳನ್ನು ಸವೆಸಿ ಅಥವಾ ಲೇಪ ಕೊಟ್ಟು ಮುಚ್ಚಿರುತ್ತಾರೆ, ಅದೂ ಜಾರುತ್ತದೆ. ಮಕ್ಕಳ ಟೋಪಿಗೆ ನಾವು ಬಳಸುವುದೇ ಈ ಎರಡು. ಅಂದರೆ ಬಾಲ ಉದ್ದ ಬೇಕಾದ ಕಡೆಯೇ ಗಿಡ್ಡ ಮಾಡಿದ್ದರು.

ಗಂಟು ಹಾಕಿದರೆ ಸಾಲದಾ ಅಂತ ಹೊಸ ಹುಡುಗಿಯೊಬ್ಬಳು ಕೇಳಿದಳು. ಜಾರುವ ನೂಲಿನಲ್ಲಿ ಗಂಟೂ ಸಡಿಲವಾಗುತ್ತದೆ. ಕಾಕೂ ಹೇಳಿದ್ದು ಅದಕ್ಕಿಂತ ಮುಖ್ಯ: "ಕೂಸಿನ ನೆತ್ತಿ ಇನ್ನೂ ಮೆತ್ತಗಿರ್ತದ. ಅದರ ಮ್ಯಾಲ ಗಂಟು ಕುಂದರಬಾರದವಾ."

ಈ ಹೊತ್ತಿಗೆ ಸೂಪರ್‌ವೈಸರ್ ಸಾಹೇಬರು ಆಫೀಸಿನ ಉಪಾಯ ತಗೊಂಡು ಬಂದರು. ಎಲ್ಲದಕ್ಕೂ ಮೇಲೆ ಒಂದೊಂದು ಗೊಂಡೆ ಹೊಲಿದು ಕಳಿಸಿಬಿಡಿ, ತೂತು ಕಾಣುವುದಿಲ್ಲ, ನೋಡೋಕೂ ಚೆಂದ ಅಂತ. ನನಗೆ ನಿಜವಾಗಲೂ ಸಿಟ್ಟು ಬಂತು. ಗೊಂಡೆಯನ್ನು ಕಟ್ಟುವುದು ಅದೇ 8 ಕುಣಿಕೆಗಳ ಬಳೆಗೆ. ಮಗು ಮೊದಲು ಕೈ ಹಾಕುವುದೇ ಗೊಂಡೆಗೆ. ಸಡಿಲ ನೆತ್ತಿಯಿಂದ ಗೊಂಡೆ ಕಿತ್ತು ಬಂದರೆ ನೇರ ಬಾಯಿಗೆ ಹೋಗುತ್ತದೆ. ಇದರ ಮೇಲೆ ನಾನು ಪಾಸ್ ಸ್ಟಾಂಪ್ ಹಾಕುವುದಿಲ್ಲ, ಬೇಕಿದ್ದರೆ ನೀವೇ ಸಹಿ ಮಾಡಿ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರು ಕೆಳಗೆ ಇಳಿದು ಹೋದರು. ಟೆಂಪೋ ಖಾಲಿ ಹೋಯಿತು. ಬಾಡಿಗೆ ದಂಡ ಆಯಿತು.

ರಿಪೇರಿಗೆ ದಾರಿ ಕಾಕೂನೇ ತೋರಿಸಿದರು. ಹಳೇ ದಾರ ಬಿಚ್ಚುವ ಹಾಗಿಲ್ಲ, ಬಿಚ್ಚಿದರೆ 8 ಕುಣಿಕೆಯೂ ಕೈಬಿಡುತ್ತವೆ. ಅದೇ ಬಣ್ಣದ 30 ಸೆಂಟಿಮೀಟರ್ ಹೊಸ ದಾರ ತಗೊಂಡು, ಹಳೆಯದರ ಪಕ್ಕದಲ್ಲೇ ಎಂಟೂ ಕುಣಿಕೆಗಳ ಒಳಗೆ ಎರಡು ಸುತ್ತು ತಂದು ಬಿಗಿಯುವುದು. ಎರಡೂ ತುದಿಯನ್ನು ಮಧ್ಯದ ತೂತಿನಿಂದ ಒಳಗೆ ಇಳಿಸುವುದು. ಒಂದು ತುದಿ ಬಲಕ್ಕೆ, ಇನ್ನೊಂದು ಎಡಕ್ಕೆ. ಆ ರಾತ್ರಿ ಯುನಿಟ್ಟಿನಲ್ಲಿ ಎಲ್ಲರೂ ಸೂಜಿ ಹಿಡಿದು ಕೂತರು, ಹೆಲ್ಪರ್ ಹುಡುಗಿಯೂ ಸೇರಿ. ಸೂಜಿ ರಿಜಿಸ್ಟರ್ ಪ್ರಕಾರ ಕೊಟ್ಟ ಸೂಜಿಗಳೆಲ್ಲ ವಾಪಸ್ ಬಂದವಾ ಅಂತ ಎಣಿಸಿಯೇ ಮನೆಗೆ ಬಿಟ್ಟೆವು. ಬೇಬಿ ಲಾಟಿನಲ್ಲಿ ಅದರ ಬಗ್ಗೆ ರಾಜಿ ಇಲ್ಲ.

ಹೊಸದಾಗಿ ಬಂದವರಿಗೆ ಈಗ ನಾನು ಹೀಗೆ ತೋರಿಸುತ್ತೇನೆ. ನೂಲನ್ನು 25 ಸೆಂಟಿಮೀಟರಿಗೆ ಕತ್ತರಿಸಿ, ಸೂಜಿಗೆ ಪೋಣಿಸಿ. ಕುಣಿಕೆಗಳನ್ನು ಹೆಣಿಗೆ ಕಡ್ಡಿಯಿಂದ ಒಂದೊಂದಾಗಿ ದಾರಕ್ಕೆ ಇಳಿಸಿಕೊಳ್ಳಿ, ಒಂದೂ ತಪ್ಪಬಾರದು. ತಪ್ಪಿದ ಒಂದೇ ಕುಣಿಕೆ ಸಾಕು, ಮೊದಲ ವಾಶಿಗೇ ಇಳಿಯುತ್ತದೆ. ಇನ್ನೊಂದು ಸುತ್ತು ತನ್ನಿ. ಒಂದೇ ಏಟಿಗೆ ಎಳೆಯಬೇಡಿ. ಮೆತ್ತಗೆ ತಿರುಚಿದ ಒಂಟಿ ಎಳೆಯ ನೂಲು ಅಲ್ಲೇ ತುಂಡಾಗುತ್ತದೆ. ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸೂಜಿಯನ್ನು ಮಧ್ಯದಿಂದ ಒಳಗೆ ಇಳಿಸಿ, ಟೋಪಿ ತಿರುಗಿಸಿ, ಪಕ್ಕದ ಕುಣಿಕೆಯ ಬೆನ್ನನ್ನು ಹಿಡಿದು ಬಳೆಯ ಸುತ್ತ ಒಂದು ಸುತ್ತು ಹೋಗಿ. ಆಮೇಲೆ ದಿಕ್ಕು ಬದಲಿಸಿ. ವಾಪಸ್ ಬರುವಾಗ ಸೂಜಿ ನೂಲಿನ ಎಳೆಗಳನ್ನು ಸೀಳಿಕೊಂಡು ಹೋಗಲಿ, ಆಕ್ರಿಲಿಕ್‌ಗೆ ಹಿಡಿತ ಬರುವುದು ಅಲ್ಲೇ. ಒಂದೇ ದಿಕ್ಕಿನಲ್ಲಿ ಹೋದ ಬಾಲ ಎಷ್ಟೇ ಉದ್ದ ಇದ್ದರೂ ಟೋಪಿ ಹಿಗ್ಗಿದಾಗ ಜಾರುತ್ತದೆ.

ಇನ್ನು ಕತ್ತರಿ. ವಾಶ್ ಆಗುವ ತನಕ ಬಾಲ ಮುಟ್ಟುವ ಹಾಗಿಲ್ಲ. ಒಗೆದು ಒಣಗಿದ ಮೇಲೆ ಟೋಪಿಯೊಳಗೆ ಮುಷ್ಟಿ ಹಾಕಿ ನಾಲ್ಕೂ ಕಡೆ ಹಿಗ್ಗಿಸಿದರೆ ದಾರ ತನ್ನ ಜಾಗಕ್ಕೆ ಕೂರುತ್ತದೆ. ಆಮೇಲೆ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಬೇಕು. ಒಳಗೆ ಅಷ್ಟು ಕಂಡರೆ ಕಾಣಲಿ. ಜೋತಾಡುವ ಉದ್ದನೆಯ ಕುಣಿಕೆ ಮಾತ್ರ ಇರಬಾರದು, ಕೂಸಿನ ಬೆರಳಿಗೆ ಸುತ್ತಿಕೊಳ್ಳುತ್ತದೆ. ಕೊನೆಗೆ ನೆತ್ತಿಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡುತ್ತೇನೆ. ಮಧ್ಯದಲ್ಲಿ ಬೆಳಕು ತೂರಿದರೆ ರೀವರ್ಕ್.

ಶೀಟಿನಲ್ಲಿ ಬಾಲ ಮತ್ತೆ 25 ಆಯಿತು. ಅದಕ್ಕೂ ಮೇಲ್ ಮೇಲೆ ಮೇಲ್ ಹಾಕಬೇಕಾಯಿತು. ರೇಟು ಮಾತ್ರ ಬದಲಾಗಿಲ್ಲ. ಹೆಣೆಯುವವರಿಗೆ ದುಡ್ಡು ಟೋಪಿ ಲೆಕ್ಕದಲ್ಲಿ, ನೆತ್ತಿ ಮುಚ್ಚುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಒಲೆ ಮೇಲೆ ಅಡಿಗೆ, ಸ್ಕೂಲಿನಿಂದ ಬರುವ ಮಕ್ಕಳು, ನಾಳೆ ಕೊಡಬೇಕಾದ ಪೀಸು, ಇವೆಲ್ಲದರ ನಡುವೆ ಆ ಹತ್ತು ನಿಮಿಷಕ್ಕೆ ಬೇರೆ ಕಾಸಿಲ್ಲ. ಅವಸರ ಬೀಳುವುದು ಅಲ್ಲೇ ಅಲ್ವಾ? ಟಾಪ್ ಕ್ಲೋಸಿಂಗಿಗೆ ಬೇರೆ ರೇಟು ಕೊಡಿ ಅಂತ ಲಿಖಿತವಾಗಿ ಕೇಳಿದ್ದೇನೆ. ಮುಂದಿನ ಬೇಬಿ ಆರ್ಡರಿನ ಉಲ್ಲನ್ ತೂಕ ಮಾಡುವ ಮೊದಲು ನನಗೆ ಅದರ ಉತ್ತರ ಬೇಕು.